ಹುಲಿಗೆಮ್ಮನ ಹೆಬ್ಬೆಟ್ಟು

ಹೋದ ತಿಂಗಳು ಆದೋನಿಯಲ್ಲಿ ಹಾಲಹರವಿ ಬಸ್ಸು ಹತ್ತಿ ಕೂತಿದ್ದೆ. ಹೋಗಬೇಕಾಗಿದ್ದದ್ದು ಆಲೂರಿಗೆ, ತಂಗಿಯ ಮನೆಗೆ. ಬಸ್ಸು ಹೊರಡುವ ಹೊತ್ತಿಗೆ ಸರಿಯಾಗಿ ಮಳೆ ಹಿಡಿಯಿತು. ಆಗ ಒಬ್ಬ ಮುದುಕ ನೆನೆದ ಕರಿ ಕಂಬಳಿ ಹೊದ್ದುಕೊಂಡು ಹತ್ತಿ ಬಂದು ನನ್ನ ಪಕ್ಕದಲ್ಲೇ ಕೂತ. ಹಿಂದಿನ ಸೀಟಿನ ಹುಡುಗಿಯರು ಮೂಗಿಗೆ ದುಪಟ್ಟ ಹಿಡಿದರು. ನೆನೆದ ಕಂಬಳಿಯ ವಾಸನೆ ಮೂಸದವರಿಗೆ ಅದನ್ನು ಹೇಳಿ ತಿಳಿಸುವುದು ಕಷ್ಟ. ಹಸಿ ಉಣ್ಣೆ, ಒಲೆಯ ಹೊಗೆ, ಕುರಿಹಾಲು, ಒಂದಿಷ್ಟು ಹಿಕ್ಕೆ, ಎಲ್ಲ ಕೂಡಿದ ವಾಸನೆ ಅದು. ನನಗೆ ಅಳು ಬಂತು. ನಾನು ಅಳುವ ಹೆಂಗಸಲ್ಲ, ಜಗಳ ಮಾಡುವ ಹೆಂಗಸು. ಆದೋನಿಯಲ್ಲಿ ಯಾರನ್ನು ಬೇಕಾದರೂ ಕೇಳಿ. ಆವತ್ತು ಮಾತ್ರ ಬ್ಯಾಗಿನಲ್ಲಿ ಮುಖ ಹುದುಗಿಸಿಕೊಂಡು ಅತ್ತೆ. ಮುದುಕ ಪಾಪ ತನ್ನ ಕಂಬಳಿಯಿಂದ ನನಗೆ ತೊಂದರೆಯಾಯಿತೆಂದುಕೊಂಡು ಅದನ್ನು ಮಡಚಿ ಕಾಲ ಕೆಳಗಿಟ್ಟುಕೊಂಡ. ಆಲೂರು ಬಂತು, ನಾನು ಇಳಿಯಲಿಲ್ಲ. ಕಂಡಕ್ಟರ್ ಬಂದಾಗ ಹಾಲಹರವಿಗೆ ಇನ್ನೊಂದು ಟಿಕೆಟ್ ತೆಗೆದುಕೊಂಡೆ.

ಒಂಬತ್ತು ವರ್ಷ ಆ ಕಡೆ ತಲೆ ಹಾಕಿರಲಿಲ್ಲ. ಹಾಲಹರವಿಯಲ್ಲಿ ಇಳಿದು ಆಟೋದಲ್ಲಿ ಅರ್ಧ ಗಂಟೆ ಹೋದರೆ ಆ ಊರು. ಹೆಸರು ಬರೆಯುವುದಿಲ್ಲ, ಅಲ್ಲಿಯವರು ಯಾರೂ ಕೆಟ್ಟವರಲ್ಲ. ಊರ ಒಂದು ಮಗ್ಗುಲಿಗೆ ಕರಿ ಹೊಲ, ಇನ್ನೊಂದು ಮಗ್ಗುಲಿಗೆ ಕಲ್ಲುಗುಡ್ಡ. ಗಾಳಿ ಬಿಟ್ಟರೆ ಹಗರಿ ಹಳ್ಳದ ಮರಳು ಬಂದು ಅನ್ನದ ತಟ್ಟೆಯಲ್ಲಿ ಕೂರುತ್ತದೆ. ಜನ ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು, ಸಂತೆಯಲ್ಲಿ ಎರಡನ್ನೂ ಕಲಸಿ ಆಡುತ್ತಾರೆ. ಇಪ್ಪತ್ತಾರು ವರ್ಷದ ನನ್ನನ್ನು ಒಂದು ಸಂಸ್ಥೆಯವರು ಅಲ್ಲಿಗೆ ಒಂದು ವರ್ಷಕ್ಕೆಂದು ಹಾಕಿದ್ದರು. ಊರಿನವರೇ ಸಂಘ ಕಟ್ಟಿಕೊಂಡು ತಮ್ಮ ಗುಡ್ಡ, ಹಳ್ಳ, ಬಾವಿಯ ನೀರನ್ನು ತಾವೇ ನೋಡಿಕೊಳ್ಳುವಂತೆ ಅವರನ್ನು ತಯಾರು ಮಾಡುವುದು ನನ್ನ ಕೆಲಸ. ಅದಕ್ಕೆ ನಮ್ಮ ಕಾಗದಪತ್ರಗಳಲ್ಲಿ ತೆಲುಗಿನಲ್ಲಿ 'ಸಾಮರ್ಥ್ಯಾಲ ಪೆಂಪು' ಎಂದು ಬರೆದಿರುತ್ತಿತ್ತು.

ಮೊದಲ ದಿನವೇ ಆಂಜನೇಯನ ಗುಡಿ ಕಟ್ಟೆಯ ಮೇಲೆ ನಿಂತು ನಾನು ಅದನ್ನು ವಿವರಿಸಿದೆ. ನಿಮ್ಮ ಸಾಮರ್ಥ್ಯ ಹೆಚ್ಚಿಸಲು ಬಂದಿದ್ದೇನೆ ಎಂದೆ. ಎಲ್ಲರೂ ಗೌರವದಿಂದ ತಲೆಯಾಡಿಸಿದರು. ಹಿಂದುಗಡೆ ಹೆಗಲಿಗೆ ಕರಿ ಕಂಬಳಿ ಹಾಕಿಕೊಂಡು ಕೋಲಿಗೆ ಗದ್ದ ಊರಿ ನಿಂತಿದ್ದ ಒಬ್ಬ ಎತ್ತರದ ಮನುಷ್ಯ ಮಾತ್ರ ಕೇಳಿದ.

"ಮೇಡಮ್ಮ, ನೀವು ಈ ಗುಡ್ಡ ಹತ್ತೀರೇನು?"

"ಇಲ್ಲ, ಇನ್ನೂ ಹತ್ತಿಲ್ಲ."

"ಹಂಗಾರ ಮೊದಲು ಹತ್ರಿ. ನಿಮ್ಮ ಸಾಮರ್ಥ್ಯ ಎಷ್ಟೈತಿ ನೋಡಾಣು. ನಮ್ದು ಆಮ್ಯಾಲೆ ಹೆಚ್ಚು ಮಾಡೀರಂತ."

ಕಟ್ಟೆಯ ತುಂಬ ನಗು. ಅವನೇ ಸುಂಕಪ್ಪ, ಊರಲ್ಲಿ ಉಳಿದಿದ್ದ ಒಂದೇ ಕುರಿ ಹಿಂಡಿನ ಯಜಮಾನ. ಮಿಕ್ಕವರಿಗೆಲ್ಲ ಹೊಲವಿತ್ತು, ಎತ್ತು ಎಮ್ಮೆಗಳಿದ್ದವು. ಅವನಿಗೆ ಹೊಲವಿರಲಿಲ್ಲ, ಕುರಿಗಳಿದ್ದವು. ಮರುದಿನ ಬೆಳಿಗ್ಗೆ ನನ್ನನ್ನು ಗುಡ್ಡ ಹತ್ತಿಸಿದ. ಅರ್ಧ ಹತ್ತುವಷ್ಟರಲ್ಲಿ ನನ್ನ ಚಪ್ಪಲಿ ಕಿತ್ತುಹೋಯಿತು, ಸೀರೆ ಕಾರೆಮುಳ್ಳಿಗೆ ಸಿಕ್ಕಿ ಹರಿಯಿತು, ಬಾಯಿಗೆ ಬಂದದ್ದೆಲ್ಲ ಬೈದೆ. ಅವನು ಒಂದು ಬಂಡೆಯ ಮೇಲೆ ಕೂತು, ಬೈಗುಳ ಮುಗಿಯುವವರೆಗೆ ಕಾದು, ಕುಡಿಯಲು ನೀರು ಕೊಟ್ಟ.

ಸುಂಕಪ್ಪನ ಹೆಂಡತಿ ಹುಲಿಗೆಮ್ಮ. ನನ್ನ ಬಾಡಿಗೆ ಕೋಣೆಯ ಎದುರು ಅವರ ಮನೆ. ಮೊದಲ ವಾರ ನಾನು ಉಪ್ಪಿಟ್ಟು ತಿಂದು ಬದುಕುತ್ತಿದ್ದೆ. ಒಂದು ದಿನ ಆಕೆ ಬಾಗಿಲಲ್ಲಿ ನಿಂತು ನನ್ನ ಬಾಣಲೆಯನ್ನು ನೋಡಿ, "ಏನವ್ವ ಶಾಂತವ್ವ, ಗೋಡಿಗೆ ಬಳೀತಿಯೇನು ಇದನ್ನ?" ಎಂದು ಕೇಳಿ ಹೊರಟುಹೋದಳು. ಸ್ವಲ್ಪ ಹೊತ್ತಿಗೆ ಎರಡು ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ, ಕುರಿಹಾಲಿನ ಮೊಸರು ತಂದು ಮುಂದಿಟ್ಟಳು. ಆಮೇಲೆ ವರ್ಷವೆಲ್ಲ ಹಾಗೇ ನಡೆಯಿತು. ನಾನು ಆಕೆಯನ್ನು ಅಕ್ಕ ಎನ್ನುತ್ತಿದ್ದೆ, ಸುಂಕಪ್ಪನನ್ನು ಮಾವ ಎನ್ನುತ್ತಿದ್ದೆ. ಆ ಮನೆಯ ರೊಟ್ಟಿ ತಿಂದವಳು ನಾನು ಎನ್ನುವುದು ನೆನಪಿರಲಿ, ಮುಂದಿನದು ಓದುವಾಗ.

ಆ ವರ್ಷದ ಮುಂಗಾರು ಸಣ್ಣದಾಗಿ ಶುರುವಾಯಿತು. ಗುಡ್ಡದ ಬುಡದಲ್ಲಿ ಮಳೆನೀರು ನಿಲ್ಲಿಸಿ ಇಂಗಿಸುವ ಒಂದು ಹೊಂಡ ತೋಡಬೇಕಿತ್ತು. ಅದು ಇಂಗಿದರೆ ಕೆಳಗಿನ ಬಾವಿಗಳಿಗೆ ನೀರು. ಇಂಜಿನಿಯರ್ ಬಂದು ಒಂದು ಕಡೆ ಸುಣ್ಣದಲ್ಲಿ ಗುರುತು ಹಾಕಿಕೊಟ್ಟ. ಸುಂಕಪ್ಪ ಕುರಿ ಹೊಡೆದುಕೊಂಡು ಅದೇ ದಾರಿಯಲ್ಲಿ ಬಂದವನು ಗುರುತನ್ನು ನೋಡಿ ನಿಂತ.

"ಇಲ್ಲಿ ನೀರು ನಿಲ್ತಾವು ಸಾರ್, ಆದ್ರ ಇಳಿಯಂಗಿಲ್ಲ. ಕೆಳಗ ಚಪ್ಪಡಿ ಐತಿ."

"ನಿನಗೆ ಹೇಗೆ ಗೊತ್ತು?" ಎಂದು ಇಂಜಿನಿಯರ್ ತೆಲುಗಿನಲ್ಲಿ ಕೇಳಿದ.

"ಇಲ್ಲಿ ಹುಲ್ಲು ಮಳಿ ನಿಂತ ಎಂಟು ದಿನಕ್ಕ ಒಣಗ್ತೈತಿ. ಅಕಾ, ಆ ತಂಗಡಿ ಗಿಡದ ಕಡಿ ನೋಡ್ರಿ, ದೀಪಾವಳಿತನಕ ಹಸರು. ಕುರಿ ಬಿಸಿಲಾಗ ಹೋಗಿ ಅಲ್ಲೇ ಕುಂದ್ರತಾವು. ನೆಲ ತಂಪಿರತೈತಿ."

ಇಂಜಿನಿಯರ್ ನಕ್ಕ. ನಾನು ನಗಲಿಲ್ಲ. ಅದೊಂದು ಪುಣ್ಯದ ಕೆಲಸ ಮಾಡಿದೆ ಆ ವರ್ಷದಲ್ಲಿ. ಸಂಘದ ಮೀಟಿಂಗ್ ಕರೆದೆ. ಸಂಘದ ಅಧ್ಯಕ್ಷ ಈರನಗೌಡರು, ಐವತ್ತು ದಾಟಿದ ಮನುಷ್ಯ, ಮಾತು ಕಡಿಮೆ, ನಿಯತ್ತು ಜಾಸ್ತಿ. ಅವರು ಎಲ್ಲರನ್ನೂ ಕೇಳಿ, ತಂಗಡಿ ಗಿಡದ ಕಡೆಗೇ ತೋಡುವುದೆಂದು ತೀರ್ಮಾನ ಮಾಡಿದರು. ಊರವರೇ ಸಲಿಕೆ ಗುದ್ದಲಿ ಹಿಡಿದು ತೋಡಿದರು. ಆಶ್ಲೇಷ ಮಳೆ ಹೊಡೆದಾಗ ಹೊಂಡ ತುಂಬಿತು, ಹದಿನೈದು ದಿನದಲ್ಲಿ ಇಳಿಯಿತು, ಮತ್ತೆ ತುಂಬಿತು. ಕೆಳಗಿನ ಬಾವಿಗಳಲ್ಲಿ ನೀರು ಏರಿದ್ದನ್ನು ಹೆಣ್ಣುಮಕ್ಕಳು ಹಗ್ಗದ ಅಳತೆಯಲ್ಲಿ ಕಂಡುಕೊಂಡರು. ಎರಡು ಮೊಳ ಹಗ್ಗ ಉಳಿಯಿತು ಎಂದು ಹುಲಿಗೆಮ್ಮ ಉಳಿದ ಹಗ್ಗವನ್ನು ತಂದು ನನ್ನ ಕೊರಳಿಗೆ ಹಾರದ ಹಾಗೆ ಹಾಕಿ ನಗಾಡಿದಳು.

ಅಲ್ಲಿಂದ ಊರಿಗೆ ಹುರುಪು ಬಂತು. ಸಂಘದವರು ಗುಡ್ಡದ ಪಡುವಣ ಮಗ್ಗುಲಿಗೆ ಸಾಲು ಗುಂಡಿ ತೋಡಿ ಸೀತಾಫಲ, ಬೇವು, ಹೊಂಗೆ ನೆಟ್ಟರು. ಮೂಡಣ ಮಗ್ಗುಲು ಬರೀ ಬಂಡೆ, ಅಲ್ಲಿ ಗುದ್ದಲಿಯೇ ಇಳಿಯಲಿಲ್ಲ, ಹಾಗೆಯೇ ಬಿಟ್ಟರು. ನಾನು ಆಫೀಸಿಗೆ ವರದಿ ಬರೆದೆ, ಫೋಟೋ ಕಳಿಸಿದೆ. ಹೈದರಾಬಾದಿನಿಂದ ದೊಡ್ಡವರು ಮುಂದಿನ ಮಳೆಗಾಲದಲ್ಲಿ ನೋಡಲು ಬರುತ್ತಾರೆ, ಅಷ್ಟರೊಳಗೆ ಗುಡ್ಡ ಹಸಿರಾಗಿರಲಿ ಎಂದು ಫೋನು ಬಂತು. ಆ ಫೋನು ಬಂದ ಮೇಲೆ ನನ್ನ ತಲೆ ನಿಂತಲ್ಲಿ ನಿಲ್ಲಲಿಲ್ಲ.

ಕುರಿ ಸಾಕುವವರ ವರ್ಷ ಹೇಗೆ ನಡೆಯುತ್ತದೆ ಎನ್ನುವುದನ್ನು ಇಲ್ಲಿ ಹೇಳಬೇಕು. ದೀಪಾವಳಿ ಮುಗಿದ ಮೇಲೆ ಸುಂಕಪ್ಪ ಹಿಂಡು ಹೊಡೆದುಕೊಂಡು ಸಿರುಗುಪ್ಪದ ಕಡೆ ಹೋಗುತ್ತಿದ್ದ. ಅದು ಮಾಗಾಣಿ, ಕಾಲುವೆ ನೀರಿನ ಭತ್ತದ ಸೀಮೆ. ಭತ್ತ ಕೊಯ್ದ ಗದ್ದೆಗಳಲ್ಲಿ ಕುರಿ ತರುಬಿ ರಾತ್ರಿ ಮಲಗಿಸಿದರೆ ಗದ್ದೆಯವರಿಗೆ ಗೊಬ್ಬರ, ಕುರಿಗೆ ಮೇವು. ಮುಂಗಾರಿನ ಮೊದಲ ಮಳೆ ಬಿದ್ದೊಡನೆ ವಾಪಸು. ಯಾಕೆಂದರೆ ಮಳೆಗಾಲದಲ್ಲಿ ಎಲ್ಲ ಕಡೆ ಹೊಲ ಬಿತ್ತಿರುತ್ತಾರೆ, ಕುರಿ ಕಾಲಿಡಲು ಒಂದು ಗೇಣು ಜಾಗ ಇರುವುದಿಲ್ಲ. ಆ ನಾಲ್ಕು ತಿಂಗಳಿಗೆ ಇರುವುದು ಊರ ಗುಡ್ಡ ಒಂದೇ. ಅಜ್ಜ ಮುತ್ತಜ್ಜನ ಕಾಲದಿಂದ ಹಾಗೆಯೇ. ಇದೆಲ್ಲ ನನಗೆ ಚೆನ್ನಾಗಿ ಗೊತ್ತಿತ್ತು, ಸುಂಕಪ್ಪನೇ ಬಂಡೆಯ ಮೇಲೆ ಕೂರಿಸಿಕೊಂಡು ಹೇಳಿಕೊಟ್ಟಿದ್ದ. ಗೊತ್ತಿರಲಿಲ್ಲ ಎಂದು ನಾನು ಯಾವ ದೇವರ ಮುಂದೆಯೂ ಹೇಳುವ ಹಾಗಿಲ್ಲ.

ಆ ಸಲ ಅವನೊಬ್ಬನೇ ಹೊರಟ. ಮಗಳು ಚೊಚ್ಚಲ ಹೆರಿಗೆಗೆ ಬಂದಿದ್ದಳು, ಹುಲಿಗೆಮ್ಮ ಬಾಣಂತನಕ್ಕೆಂದು ಊರಲ್ಲೇ ಉಳಿದಳು. ಹೋಗುವ ದಿನ ಸುಂಕಪ್ಪ ನನ್ನ ಬಾಗಿಲಿಗೆ ಬಂದು, "ಮೇಡಮ್ಮ, ಗಿಡ ನೋಡಿಕೊಳ್ರಿ, ಈ ಮುದುಕಿನೂ ನೋಡಿಕೊಳ್ರಿ. ಎರಡಕ್ಕೂ ನೀರು ಹಾಕ್ತಿರಬೇಕು, ಇಲ್ಲಂದ್ರ ಒಣಗ್ತಾವು," ಎಂದ. ಹುಲಿಗೆಮ್ಮ ಒಳಗಿನಿಂದಲೇ ಏನೋ ಬೈದಳು. ಅವನು ನಗುತ್ತಾ ಹಿಂಡಿನ ಹಿಂದೆ ಹೋದ. ಎಷ್ಟೋ ಹೊತ್ತು ಧೂಳು ಕಾಣುತ್ತಿತ್ತು.

ಮಾಘದಲ್ಲಿ ಸಂಘದ ಮೀಟಿಂಗ್ ನಡೆಯಿತು. ಗುಡ್ಡವನ್ನು ಮೂರು ವರ್ಷ ಬಂದ್ ಮಾಡಬೇಕು, ಯಾರ ದನ, ಕುರಿ, ಮೇಕೆಯೂ ಹತ್ತಬಾರದು ಎಂದು ಮಾತು ಬಂತು. ಯಾರು ತಂದರು ಎಂದು ಕೇಳಿದರೆ, ಹೇಳಿದ್ದು ಅವರು, ಹೇಳುವ ಹಾಗೆ ತಿರುಗಿಸಿ ತಿರುಗಿಸಿ ಪ್ರಶ್ನೆ ಕೇಳಿದ್ದು ನಾನು. ಗಿಡ ತಿನ್ನೋದು ಯಾವುದು? ದನ ಕುರಿ. ಹಾಗಾದರೆ ಏನು ಮಾಡೋಣ? ಬಿಡೋದು ಬ್ಯಾಡ. ಎಷ್ಟು ದಿನ? ಹೀಗೆ. ಗುಡ್ಡಕ್ಕೆ ಬಿಡಬಾರದ ದನಗಳ ಪಟ್ಟಿಯಲ್ಲಿ ಈರನಗೌಡರು ಮೊದಲು ತಮ್ಮ ಹನ್ನೊಂದು ದನದ ಹೆಸರೇ ಹಾಕಿಸಿದರು. ದೊಡ್ಡ ಮನುಷ್ಯ, ಇಲ್ಲ ಎನ್ನುವುದಿಲ್ಲ. ಆದರೆ ಅವರ ಹಿತ್ತಿಲಲ್ಲಿ ಜೋಳದ ಸೊಪ್ಪೆಯ ಬಣವೆ ಮನೆಯೆತ್ತರ ಇತ್ತು. ಮಿಕ್ಕವರಿಗೂ ಸಣ್ಣದೋ ದೊಡ್ಡದೋ ಒಂದು ಬಣವೆ ಇತ್ತು. ಬಣವೆ ಇಲ್ಲದವನು ಸಿರುಗುಪ್ಪದ ಗದ್ದೆಯಲ್ಲಿದ್ದ. ಮೀಟಿಂಗಿಗೆ ಬನ್ನಿ ಎಂದು ಮೊದಲೇ ಡಂಗುರ ಹೊಡೆಸಿದ್ದೆವು. ಊರವರೆಲ್ಲ ಕೇಳಿಸಿಕೊಂಡರು, ಸಿರುಗುಪ್ಪಕ್ಕೆ ಅದು ಕೇಳಿಸುತ್ತದೆಯೇ? ಹುಲಿಗೆಮ್ಮ ಬಾಣಂತಿಯನ್ನು ಬಿಟ್ಟು ಮೀಟಿಂಗಿಗೆ ಬಂದಿರಲಿಲ್ಲ.

ಮನೆಗೊಂದು ಸಹಿ ಅಥವಾ ಹೆಬ್ಬೆಟ್ಟು ಇದ್ದರೆ ಮಾತ್ರ ತೀರ್ಮಾನಕ್ಕೆ ಬೆಲೆ ಎಂದು ನಮ್ಮ ಸಂಸ್ಥೆಯ ನಿಯಮ. ನಾನೇ ರಿಜಿಸ್ಟರ್ ಕಂಕುಳಲ್ಲಿಟ್ಟುಕೊಂಡು ಮನೆಮನೆ ತಿರುಗಿದೆ. ಕೊನೆಗೆ ಉಳಿದದ್ದು ಎದುರುಮನೆ. ಹುಲಿಗೆಮ್ಮ ಮೊಮ್ಮಗಳಿಗೆ ಎಣ್ಣೆ ಹಚ್ಚಿ ಕಾಲ ಮೇಲೆ ಮಲಗಿಸಿಕೊಂಡು ನೀರು ಹಾಕುತ್ತಿದ್ದಳು. ಮಗಳು ಒಳಕೋಣೆಯಲ್ಲಿ ಮಲಗಿದ್ದಳು.

"ಏನದು ಶಾಂತವ್ವ?"

"ಗುಡ್ಡ ಉಳಿಸೋ ಕೆಲಸ ಅಕ್ಕ. ದನ ಕುರಿ ಬಿಡಬಾರದು ಅಂತ ಊರವರೆಲ್ಲ ಒಪ್ಪಿದ್ದಾರೆ. ನಿಮ್ಮನೆಯದೊಂದು ಬಾಕಿ."

ಆಕೆ ಕೂಸಿನ ಮೈ ಒರೆಸತೊಡಗಿದಳು.

"ಆತ ಬರ್ಲಿ. ಆತನ್ನ ಕೇಳಿ ಒತ್ತತೀನಿ."

"ನಾಡಿದ್ದು ಆಫೀಸಿಗೆ ಕಳಿಸಬೇಕು ಅಕ್ಕ."

"ಮಳಿ ಬಿದ್ದ ಮ್ಯಾಲೆ ಬಿಡ್ತಾರಲ್ಲ? ನಮ್ಮ ಕುರಿ ಎಲ್ಲಿ ಹೋಗಬೇಕು ಇಲ್ಲಂದ್ರ?"

ಆಗ ನಾನು ಹೇಳಿದ ಮಾತು ಇದು, ಒಂದಕ್ಷರ ಆಚೀಚೆ ಇಲ್ಲ. "ಆಗ ಮಾವ ಬಂದಿರ್ತಾರೆ, ಕೂತು ಮಾತಾಡೋಣ ಅಕ್ಕ. ನಾನಿದ್ದೀನಲ್ಲ." ಮೂರು ವರ್ಷ ಎಂದು ಬಾಯಿಬಿಟ್ಟು ಹೇಳಲಿಲ್ಲ. ಹೇಳಿದ್ದರೆ ಒತ್ತುತ್ತಿರಲಿಲ್ಲ, ಅದಕ್ಕೇ ಹೇಳಲಿಲ್ಲ. ಆಕೆ ಎಣ್ಣೆಯ ಕೈಯನ್ನು ಸೆರಗಿಗೆ ಒರೆಸಿಕೊಂಡು, "ನೀನಿದ್ದೀಯಂದ್ರ ಸೈ ಬಿಡವ್ವ," ಎಂದು ಹೆಬ್ಬೆರಳು ಮುಂದೆ ಮಾಡಿದಳು. ಇಂಕಿನ ಪ್ಯಾಡು ಒತ್ತಿ, ಬೆರಳು ಹಿಡಿದು, ಹಾಳೆಯ ಮೇಲೆ ಇಟ್ಟದ್ದು ನಾನೇ. ಎಣ್ಣೆಯ ಜಿಡ್ಡಿಗೆ ಹಾಳೆಯ ಮೇಲೆ ಸುತ್ತಲೂ ಒಂದು ಕಲೆ ಉಳಿಯಿತು. ಆಮೇಲೆ ಆಕೆ ಕೊಟ್ಟ ಕೊಬ್ಬರಿ ಬೆಲ್ಲ ತಿಂದುಕೊಂಡು ಬಂದೆ. ಅದೂ ಗಂಟಲಲ್ಲಿ ಇಳಿಯಿತು ನನಗೆ.

ರೋಹಿಣಿ ಮಳೆ ಆ ಸಲ ದಂಡಿಯಾಗಿ ಬಂತು. ಗುಡ್ಡ ಅಂಥ ಹಸಿರನ್ನು ಕಂಡು ಎಷ್ಟು ವರ್ಷವಾಗಿತ್ತೋ ಎಂದು ಮುದುಕರು ಕೈ ಅಡ್ಡ ಹಿಡಿದು ನೋಡುತ್ತಿದ್ದರು. ಹೈದರಾಬಾದಿನವರು ಬರುವುದಕ್ಕೆ ಇನ್ನೊಂದು ವಾರ. ಮೃಗಶಿರ ಕೂಡಿದ ಎರಡನೇ ದಿನ ಬೆಳಿಗ್ಗೆ ಸುಂಕಪ್ಪನ ಹಿಂಡು ಬಂತು. ಅರವತ್ತು ಕುರಿ, ಜೊತೆಗೆ ಎಳೆಯ ಮರಿಗಳು. ಐದಾರು ದಿನ ನಡೆದು ಬಂದ ಕುರಿಗಳು ಹಸಿರು ಕಂಡು ಒದರಿಕೊಂಡು ಓಡಿದವು. ಗುಡ್ಡದ ಬುಡಕ್ಕೆ ಸಂಘದವರು ಹಾಕಿದ್ದ ಮುಳ್ಳುಬೇಲಿಗೆ ಹೋಗಿ ನಿಂತವು. ಸುಂಕಪ್ಪ ಬೇಲಿ ಕೀಳಲಿಲ್ಲ, ಹಾರಲಿಲ್ಲ, ಯಾರಿಗೂ ಕೂಗಲಿಲ್ಲ. ಕುರಿಗಳನ್ನು ಬೇಲಿಯ ಈಚೆಗೆ ನಿಲ್ಲಿಸಿ, ನೆಟ್ಟಗೆ ಗುಡಿ ಕಟ್ಟೆಗೆ ಬಂದು ಕೂತ.

ಮಧ್ಯಾಹ್ನ ಸಂಘ ಸೇರಿತು. ಹುಲಿಗೆಮ್ಮ ಹೆಂಗಸರ ಸಾಲಿನಲ್ಲಿ ಕೊನೆಗೆ ಕೂತಿದ್ದಳು.

ಸುಂಕಪ್ಪ ಕೇಳಿದ. "ಗೌಡ್ರೇ, ಪಡುವಣ ಕಡಿ ಗಿಡ ಅದಾವು, ನಾ ಹೋಗಂಗಿಲ್ಲ. ಮೂಡಣ ಕಡಿ ಬರೀ ಬಂಡಿ ಸಂದಿ ಹುಲ್ಲು. ಅದನ್ನಾರ ಬಿಡ್ರಿ. ಮಳಿಗಾಲ ಒಂದು ಕಳಿಲಿ."

ಗೌಡರು ಕಷ್ಟದಲ್ಲಿದ್ದರು, ಮುಖದಲ್ಲೇ ಕಾಣುತ್ತಿತ್ತು. "ಅದಿ ಕಾದು ಸುಂಕಪ್ಪ," ಎಂದು ತೆಲುಗಿನಲ್ಲಿ ಶುರುಮಾಡಿ, ಮತ್ತೆ ಕನ್ನಡಕ್ಕೆ ಬಂದರು. "ಹಂಗಲ್ಲಪ್ಪ ಅದು. ಒಬ್ಬರಿಗೆ ಬಿಟ್ರ ನಾಳೆ ನನ್ನ ದನಾನೂ ಬಿಡು ಅಂತಾರ. ಊರೆಲ್ಲ ಒಪ್ಪಿ ಮಾಡಿದ್ದು. ನಿಮ್ಮನಿ ಹೆಬ್ಬೆಟ್ಟೂ ಐತಿ."

"ನಮ್ಮನಿದು? ಯಾರು ಒತ್ತಿದ್ರು?"

ಗೌಡರು ರಿಜಿಸ್ಟರ್ ತೆರೆದು ತೋರಿಸಿದರು. ಸುಂಕಪ್ಪನಿಗೆ ಓದಲು ಬಾರದು. ಹಾಳೆಯ ಮೇಲಿನ ಎಣ್ಣೆಯ ಕಲೆಯನ್ನೇ ನೋಡುತ್ತಿದ್ದ. ಆಮೇಲೆ ಹೆಂಡತಿಯ ಕಡೆ ನೋಡಿದ. ಹುಲಿಗೆಮ್ಮ ನನ್ನ ಕಡೆ ನೋಡಿದಳು.

ಗೌಡರೂ ನನ್ನ ಕಡೆ ತಿರುಗಿದರು. "ಮೇಡಂ, ನೀವೇನಂತೀರಿ? ಮೂಡಣ ಕಡಿ ಬಿಡಬಹುದೇನು?"

ಬಿಡಬಹುದಾಗಿತ್ತು. ಬಿಡಬಹುದು ಎಂಬ ಒಂದೇ ಮಾತು ಸಾಕಾಗಿತ್ತು. ಗೌಡರು ಆ ಮಾತಿಗೇ ಕಾಯುತ್ತಿದ್ದರು. ನನ್ನ ತರಬೇತಿಯಲ್ಲಿ ಒಂದು ಪಾಠ ಇತ್ತು. ಊರವರ ತೀರ್ಮಾನದಲ್ಲಿ ನೀವು ಬಾಯಿ ಹಾಕಬೇಡಿ, ಮಾತಾಡಬೇಕು ಅನ್ನಿಸಿದಾಗ ಮನಸ್ಸಿನಲ್ಲಿ ಹತ್ತು ಎಣಿಸಿ, ಅಷ್ಟರಲ್ಲಿ ಅವರೇ ಮಾತಾಡುತ್ತಾರೆ ಎಂದು. ಒಳ್ಳೆಯ ಪಾಠ ಅದು, ಒಳ್ಳೆಯವರ ಕೈಗೆ ಸಿಕ್ಕರೆ. ನನ್ನ ತಲೆಯಲ್ಲಿದ್ದದ್ದು ಬರುವ ವಾರದ ಜೀಪುಗಳು, ಹಸಿರು ಗುಡ್ಡ, ಅದರ ಮೇಲೆ ಒಂದೂ ಕುರಿ ಕಾಣಬಾರದು ಎನ್ನುವುದು. ಆದರೂ ನಾನು ಪಾಠವನ್ನೇ ಒಪ್ಪಿಸಿದೆ. "ತೀರ್ಮಾನ ಊರಿನದು ಗೌಡರೇ, ನಾನು ನಡುವೆ ಮಾತಾಡಬಾರದು," ಎಂದೆ. ಹಾಗೆಂದು ಮನಸ್ಸಿನಲ್ಲಿ ಎಣಿಸಲು ಶುರುಮಾಡಿದೆ. ಆರು ಎಣಿಸುವಷ್ಟರಲ್ಲಿ ಹುಲಿಗೆಮ್ಮ ಎದ್ದು ನಿಂತಳು.

"ನಾನೇ ಒತ್ತೀನಿ," ಎಂದಳು. "ತಿಳೀದ ಒತ್ತೀನಿ." ಅಷ್ಟೇ. ಯಾರು ಒತ್ತಿಸಿದರು ಎಂದು ಹೇಳಲಿಲ್ಲ, ನಾನು ಕೊಟ್ಟ ಮಾತನ್ನೂ ಹೇಳಲಿಲ್ಲ.

ಸುಂಕಪ್ಪ ಕೋಲು ಕೈಗೆತ್ತಿಕೊಂಡ. "ನಮ್ಮನಿ ಹೆಬ್ಬೆಟ್ಟು ಐತಂದ್ರ ಮಾತು ಮುಗೀತು ಗೌಡ್ರೇ. ನಮ್ಮನಿ ಬೆರಳು ನಾವು ಸುಳ್ಳು ಮಾಡಬಾರದು," ಎಂದು ಎದ್ದ. ಹೆಂಡತಿಯ ಮುಂದೆಯೇ ಹಾದುಹೋದ, ಆಕೆಯ ಮುಖ ನೋಡಲಿಲ್ಲ. ನಾನು ತುಟಿ ಪಿಟಕ್ಕೆನ್ನದೆ ಕೂತಿದ್ದೆ. ಬಸ್ಸಿನಲ್ಲಿ ಚಿಲ್ಲರೆ ಕೊಡದ ಕಂಡಕ್ಟರ್ ಜೊತೆ ಊರು ಕೇಳುವಂತೆ ಜಗಳ ತೆಗೆಯುವ ಬಾಯಿ ಇದು.

ಆಮೇಲಿನ ದಿನಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಅವನು ಹಿಂಡನ್ನು ರಸ್ತೆ ಬದಿ, ಹಳ್ಳದ ದಂಡೆ, ಎರಡು ಹೊಲಗಳ ನಡುವಿನ ಬದು, ಹೀಗೆ ಒಂದು ಬಾಯಿ ಹುಲ್ಲು ಇರುವ ಕಡೆಯೆಲ್ಲ ತಿರುಗಿಸಿದ. ಅರವತ್ತು ಕುರಿಯನ್ನು ಒಂದು ಬದುವಿನ ಮೇಲೆ ಸಾಲಾಗಿ ನಡೆಸಲು ದೇವರಿಗೂ ಆಗುವುದಿಲ್ಲ. ನಡುವೆ ಮಳೆ ಹದಿನೈದು ದಿನ ಕೈಕೊಟ್ಟಿತು. ಮಳೆಯಿಲ್ಲದೆ ಬಾಡಿದ ಎಳೆ ಜೋಳದ ಪೈರು ಕುರಿಗೆ ವಿಷ. ಅದು ಆ ಸೀಮೆಯ ಮಕ್ಕಳಿಗೂ ಗೊತ್ತು, ಕುರಿಗೆ ಗೊತ್ತಿಲ್ಲ. ಹಸಿದ ಹಿಂಡು ಒಂದು ಬೆಳಿಗ್ಗೆ ಅವನ ಕೈ ತಪ್ಪಿಸಿಕೊಂಡು ಬದುವಿನಿಂದ ಹೊಲಕ್ಕೆ ಇಳಿಯಿತು. ನಾನು ಸುದ್ದಿ ಕೇಳಿ ಓಡಿಹೋದಾಗ ಹೊಲದ ಅಂಚಿನಲ್ಲಿ ಹೊಟ್ಟೆ ಉಬ್ಬಿ ಬಿದ್ದಿದ್ದವು, ದೊಡ್ಡವು, ಮರಿಗಳು. ಸುಂಕಪ್ಪ ಇನ್ನೂ ಉಸಿರಿದ್ದ ಒಂದರ ಬಾಯಿಗೆ ಬೆಲ್ಲದ ನೀರು ಹಾಕುತ್ತಿದ್ದ. ನನ್ನನ್ನು ಕಂಡು, "ದೂರ ನಿಲ್ರಿ ಮೇಡಮ್ಮ, ಸೀರಿ ಹೊಲಸಾಗ್ತೈತಿ," ಎಂದ. ಆ ಮನುಷ್ಯ ಹಾಗೆ ಅಂದ. ಉಳಿದವನ್ನು ಅವನು ಮುಂದಿನ ಸಂತೆಗೆ ಹೊಡೆದುಕೊಂಡು ಹೋಗಿ ಮಾರಿ, ಬರಿಗೋಲು ಹಿಡಿದು ಬಂದ.

ಅದಕ್ಕೂ ಮೊದಲು ಹೈದರಾಬಾದಿನವರು ಬಂದು ಹೋಗಿದ್ದರು. ಗುಡ್ಡ ನೋಡಿ, "ಚಾಲಾ ಬಾಗುಂದಿ," ಬಹಳ ಚೆನ್ನಾಗಿದೆ ಎಂದರು. ಹೊಂಡದ ಜಾಗ ಹುಡುಕಿದ್ದು ಯಾರು ಎಂದು ಕೇಳಿದಾಗ ಗೌಡರು ನಿಯತ್ತಿನಿಂದ ಸುಂಕಪ್ಪನನ್ನು ಕರೆಸಿದರು. ಅವನು ಬಂದ. ನೀರು ಹೇಗೆ ಇಳಿಯುತ್ತದೆ, ಹುಲ್ಲು ಯಾವಾಗ ಒಣಗುತ್ತದೆ, ಎಲ್ಲವನ್ನೂ ಅವರಿಗೆ ಸಾವಧಾನವಾಗಿ ಹೇಳಿಕೊಟ್ಟ. ಗುಡ್ಡ ಚಲೋ ಆಗೈತಿ, ಊರು ಚಲೋ ಕೆಲಸ ಮಾಡೈತಿ ಎಂದ. ತನ್ನ ಕುರಿಯ ಮಾತು ಎತ್ತಲಿಲ್ಲ. ಅವರು ನನ್ನ ಕೈ ಕುಲುಕಿದರು. ನನಗೆ ಆದೋನಿ ಆಫೀಸಿನಲ್ಲಿ ಮೇಲಿನ ಕೆಲಸ ಸಿಕ್ಕಿತು.

ಸುಂಕಪ್ಪನಿಗೆ ನಿಜ ಹೇಳಬೇಕು ಎಂದು ನನಗೆ ಅನ್ನಿಸಲಿಲ್ಲವೇ? ದಿನಾ ಅನ್ನಿಸುತ್ತಿತ್ತು. ಬಂದವರು ಹೋಗಲಿ, ಆಮೇಲೆ ಹೇಳೋಣ ಎಂದುಕೊಂಡೆ. ಕುರಿ ಸತ್ತ ಮೇಲೆ ಯಾವ ಮುಖ ಇಟ್ಟುಕೊಂಡು ಹೇಳಲಿ ಎಂದುಕೊಂಡೆ. ಎದುರುಮನೆಯಿಂದ ರೊಟ್ಟಿ ಬರುವುದು ಮಾತ್ರ ಒಂದು ದಿನವೂ ನಿಲ್ಲಲಿಲ್ಲ. ಹುಲಿಗೆಮ್ಮ ತಟ್ಟೆ ಇಟ್ಟು, ಒಂದು ಗಳಿಗೆ ನಿಂತು, ನನ್ನ ಮುಖ ನೋಡಿ, ಹೋಗುತ್ತಿದ್ದಳು. ಮೊದಲು ಕೂತು ಹರಟೆ ಹೊಡೆಯುತ್ತಿದ್ದ ಹೆಂಗಸು. ಆ ನಿಲ್ಲುವುದನ್ನು ತಡೆಯಲಾರದೆ ನಾನು ಮಧ್ಯಾಹ್ನದ ಊಟಕ್ಕೆ ಕೋಣೆಗೆ ಬರುವುದನ್ನೇ ಬಿಟ್ಟೆ. ಶ್ರಾವಣದಲ್ಲಿ ಗಂಟು ಕಟ್ಟಿಕೊಂಡು ಹೊರಟಾಗ ಆಕೆ ಆಟೋದವರೆಗೆ ಬಂದು ಶೇಂಗಾದ ಗಂಟೊಂದನ್ನು ಮಡಿಲಲ್ಲಿ ಹಾಕಿದಳು. ಸುಂಕಪ್ಪ ಯಾರದೋ ಹೊಲದಲ್ಲಿ ಕೂಲಿಗೆ ಹೋಗಿದ್ದ.

ಒಂಬತ್ತು ವರ್ಷದ ಮೇಲೆ ಆಟೋ ಮತ್ತೆ ಅದೇ ಜಾಗದಲ್ಲಿ ನಿಂತಿತು. ಗುಡ್ಡದ ಪಡುವಣ ಮಗ್ಗುಲು ಕರ್ರಗೆ ಸುಟ್ಟುಹೋಗಿತ್ತು, ಹೊಸ ಮಳೆಗೆ ಅಲ್ಲಲ್ಲಿ ಚಿಗುರು ಕಾಣುತ್ತಿತ್ತು. ಆಟೋದವನು ಹೇಳಿದ, "ವರ್ಷಾ ಬ್ಯಾಸಗಿಗೆ ಬೆಂಕಿ ಬೀಳ್ತೈತ್ರಿ. ಹುಲ್ಲು ಎದಿಮಟ ಬೆಳೀತೈತಿ, ತಿನ್ನಾಕ ಕುರಿ ಇಲ್ಲ. ಗಿಡಾನೂ ಸುಟ್ಟು ಹೋದ್ವು." ಗುಡ್ಡದ ಬಂದ್ ಎಂದೋ ಮುಗಿದಿತ್ತಂತೆ. ಹತ್ತುವ ಹಿಂಡು ಊರಲ್ಲಿ ಇರಲಿಲ್ಲ.

ಹುಲಿಗೆಮ್ಮ ಕಟ್ಟೆಯ ಮೇಲೆ ಮೊರ ಇಟ್ಟುಕೊಂಡು ಬಿತ್ತನೆಯ ಶೇಂಗಾ ಸುಲಿಯುತ್ತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ನೋಡಿ ಗುರುತು ಹಿಡಿದಳು, ಮೊರ ಸರಿಸಿ ಜಾಗ ಮಾಡಿದಳು.

"ಬಾ ಶಾಂತವ್ವ, ಕುಂದ್ರು. ಮಳ್ಯಾಗ ಬಂದೀಯಲ್ಲ."

"ಮಾವ ಎಲ್ಲಿ ಅಕ್ಕ?"

"ಹೋದ ವರ್ಷ ಕಾರ್ತೀಕದಾಗ ಹೋದ. ನಾಕು ದಿನ ಜ್ವರ."

ಶೇಂಗಾದ ಸಿಪ್ಪೆ ಕೈಯಲ್ಲಿ ಹಿಡಿದುಕೊಂಡು ಕೂತೆ. ಆಮೇಲೆ ಹೇಗೋ ಕೇಳಿದೆ. "ಅಕ್ಕ, ಅವತ್ತು ಮೀಟಿಂಗಿನಲ್ಲಿ ನನ್ನ ಹೆಸರು ಯಾಕೆ ಹೇಳಲಿಲ್ಲ ನೀನು? ನಾನು ಒತ್ತಿಸಿದ್ದು ಅಂತ, ನಾನು ಮಾತು ಕೊಟ್ಟಿದ್ದೆ ಅಂತ, ಮನೆಗೆ ಬಂದ ಮೇಲಾದರೂ ಮಾವನಿಗೆ ಯಾಕೆ ಹೇಳಲಿಲ್ಲ?"

ಆಕೆ ಸುಲಿಯುವುದನ್ನು ನಿಲ್ಲಿಸಲಿಲ್ಲ.

"ನಾ ಹೇಳಿದ್ರ, ನನ್ನ ತಪ್ಪು ನಿನ್ನ ಮ್ಯಾಲೆ ಹಾಕಾಕತ್ತೀನಿ ಅಂತ ತಿಳೀತಿದ್ದ. ನೀನು ಹೇಳಿದ್ರ ನಂಬತಿದ್ದ. ನಿನ್ನ ಮ್ಯಾಲೆ ಭಾಳ ನಂಬಿಕಿ ಇತ್ತು ಆತಗ. ಇವತ್ತು ಬಂದು ಹೇಳ್ತಾಳ, ನಾಳೆ ಬಂದು ಹೇಳ್ತಾಳ ಅಂತ ನೋಡ್ತಿದ್ನಿ. ಊರಿಗೆ ಬಂದಾಕಿ ನೀರಿಗೆ ಬರಲಾರದ ಇರ್ತಾಳೇನು, ಬರ್ತಾಳ ಅಂತ."

"ಮಾವ ಬೈದರಾ ಅಕ್ಕ?"

"ಬೈದಿದ್ರ ಚಲೋ ಇತ್ತವ್ವ. ಒಂದು ದಿನ ಬೈಲಿಲ್ಲ. ಅವತ್ತಿನಿಂದ ನನ್ನ ಏನೂ ಕೇಳಲಿಲ್ಲ. ಮೊದಲು ಒಂದು ಮರಿ ಮಾರಬೇಕಂದ್ರೂ, ಏನಂತಿಯೇ ಅಂತ ಕೇಳ್ತಿದ್ದ. ಆಮ್ಯಾಲೆ ಉಪ್ಪು ತರಬೇಕಾ ಬ್ಯಾಡ ಅಂತಾನೂ ಕೇಳಲಿಲ್ಲ. ಎಂಟು ವರ್ಷ ಒಂದ ಮನ್ಯಾಗ ಇದ್ದಿವಿ."

ನಾನು ಆಕೆಯ ಕಾಲು ಹಿಡಿದುಕೊಂಡೆ. ತಪ್ಪಾಯಿತು ಅಕ್ಕ ಎಂದೆ. ಆಕೆ ಕಾಲು ಹಿಂದಕ್ಕೆ ಎಳೆದುಕೊಳ್ಳಲಿಲ್ಲ, ನನ್ನನ್ನು ಎಬ್ಬಿಸಲೂ ಇಲ್ಲ. ಮನೆಯೊಳಗಿನ ಕಡೆ ತಿರುಗಿ, ಈಗ ಜೊತೆಯಲ್ಲೇ ಇದ್ದ ಮಗಳನ್ನು ಕರೆದಳು.

"ಯವ್ವಾ, ಹೊರಗ ಬಾ. ಈಕಿ ಏನೋ ಹೇಳ್ತಾಳ. ಅಪ್ಪಗಂತೂ ಆಗಲಿಲ್ಲ, ನೀನಾರ ಕೇಳು."

ಮಗಳು ರೊಟ್ಟಿಯ ಹಿಟ್ಟಿನ ಕೈಯಲ್ಲೇ ಬಂದು ಬಾಗಿಲಲ್ಲಿ ನಿಂತಳು. ನಾನು ಎದ್ದು ನಿಂತು ಹೇಳಿದೆ, ನಿಮ್ಮವ್ವನ ತಪ್ಪಿಲ್ಲ, ನಿಮ್ಮಪ್ಪನನ್ನು ಕೇಳಿ ಒತ್ತುತ್ತೇನೆ ಅಂದವಳ ಬೆರಳು ಹಿಡಿದು ಒತ್ತಿಸಿದ್ದು ನಾನು, ಮಳೆ ಬಿದ್ದ ಮೇಲೆ ಮಾತಾಡುತ್ತೇನೆ ಎಂದು ಹೇಳಿ ಮಾತಾಡದೆ ಕೂತವಳು ನಾನು. ಎಲ್ಲ ಹೇಳಿ ಮುಗಿಸಲು ಅರ್ಧ ನಿಮಿಷವೂ ಬೇಕಾಗಲಿಲ್ಲ.